ನಾನು ನನ್ನ ಅಜ್ಜ ಅಲ್ಲ

“ನಿಮ್ಮ ಮೇಲೆ ಕೋಳಿ ಅಂಕದ ಕೇಸ್ ಇದ್ಯಲ್ರಾ!” ಹೊಸ ಕೆಲಸಕ್ಕೆಂದು ಪೊಲೀಸ್ ಪ್ರಮಾಣಪತ್ರ ಕೇಳಲು ಹೋದರೆ ಠಾಣೆಯ ರೈಟರ್ ಹೀಗೆನ್ನಬೇಕೆ? ದಾಖಲೆ ನೋಡಿದೆ. ಗಣಪತಿ ಬಿನ್ ಮಂಜುನಾಥ ನಾಯ್ಕ, ವಿಳಾಸವೂ ನಮ್ಮದೇ. ಕೇಸು ಮಾತ್ರ ನಾನು ಹುಟ್ಟುವ ಮೊದಲಿನದು! ಕೋಳಿ ಕಾಳಗದ ಜೂಜಿನಲ್ಲಿ ಸಿಕ್ಕಿಬಿದ್ದವರು ನನ್ನ ಅಜ್ಜ. ತಲೆಮಾರುಗಳಿಂದ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಮನೆ ನಮ್ಮದು. ಹಾಗಾಗಿ ನಮ್ಮಿಬ್ಬರ ಹೆಸರಷ್ಟೇ ಅಲ್ಲ, ಅಪ್ಪಂದಿರ ಹೆಸರೂ ಒಂದೇ.

“ಆತು, ನೀವು ನಿಮ್ಮ ಅಜ್ಜ ಅಲ್ಲ ಅಂತ ಅಫಿಡವಿಟ್ ತನ್ನಿ” ಎಂದರು. ಅಜ್ಜನ ಮರಣ ಪ್ರಮಾಣಪತ್ರಕ್ಕೆ ಹೊನ್ನಾವರ, ಅಫಿಡವಿಟ್ಟಿಗೆ ಕುಮಟಾ ಎಂದು ಅಲೆದು ಸಾಕಾದ ಮೇಲೆ ದಾಖಲೆ ಸರಿಯಾಯಿತು.

ಮುಂದಿನ ವಾರ ನನ್ನ ಮಗನ ನಾಮಕರಣ. ತನ್ನ ಹೆಸರನ್ನೇ ಇಡಬೇಕೆಂದು ಅಪ್ಪನ ಹಟ. ತನ್ನ ಮೇಲೆ ಯಾವ ಕೇಸೂ ಇಲ್ಲವೆಂದು ಅಪ್ಪ ಠಾಣೆಯಿಂದ ಬರೆಸಿಕೊಂಡು ಬರುವವರೆಗೆ, ಮಗುವಿನ ಕಿವಿಯಲ್ಲಿ ಆ ಹೆಸರು ಹೇಳಲು ನಾನು ಬಿಡುವುದಿಲ್ಲ.