ಹದಿನಾಲ್ಕು ರತ್ನಮ್ಮಂದಿರು

"ಅಕ್ಕಾ, ನಾನು ಇಸ್ಕೂಲ್ಗೆ ಹೋಗಿದ್ದು ನಿಜಾನೇ ಅಲ್ವಾ?"

ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿರುವಾಗ ಇಂಥ ಪ್ರಶ್ನೆ ಬಂದರೆ ಏನು ಹೇಳುತ್ತೀರಿ? ಕೇಳಿದವಳು ರತ್ನಮ್ಮ. ಆಂಧ್ರದ ಹಿಂದೂಪುರದ ನಮ್ಮ ಬೀದಿ ಕೊನೆಯಲ್ಲಿ ಹೂವು ಕಟ್ಟಿ ಮಾರುತ್ತಾಳೆ. ತವರು ಕಲ್ಯಾಣದುರ್ಗ. ಅಲ್ಲೇ ಏಳನೇ ಕ್ಲಾಸಿನವರೆಗೆ ಓದಿದವಳು.

ಈಗ ನಮ್ಮ ವಾರ್ಡಿನ ಅಂಗನವಾಡಿಯಲ್ಲಿ ಆಯಾ ಕೆಲಸಕ್ಕೆ ಅರ್ಜಿ ಕರೆದಿದ್ದಾರೆ. ಅರ್ಜಿ ಜೊತೆ ಸ್ಟಡಿ ಸರ್ಟಿಫಿಕೇಟ್ ಇಡಬೇಕು. ಓದಿದ ಸ್ಕೂಲಿಗೆ ಎರಡು ಸಲ ಹೋಗಿ ಬಂದಳು. ಎರಡು ಸಲವೂ ಕಂಪ್ಯೂಟರ್ ನೋಡಿ, ನಿಮ್ಮ ಹೆಸರು ಇಲ್ಲ ಎಂದರಂತೆ.

ಅವಳ ಗಂಡ ಗಂಗಾಧರನಿಗೆ ಇಷ್ಟು ಸಾಕಲ್ಲ! "ಇಸ್ಕೂಲ್ ಗೇಟೂ ನೋಡಿಲ್ಲ ಕಣಕ್ಕ ಇವ್ಳು. ಏಳ್ನೇ ಕ್ಲಾಸು ಅಂತ ಇಷ್ಟು ವರ್ಸ ನಮ್ಗೆ ಓಳು ಬುಟ್ಟವ್ಳೆ" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕ. ತಮಾಷೆಗೇ ಅಂದದ್ದು. ಆದರೆ ರತ್ನಮ್ಮ ನಗಲಿಲ್ಲ. ಎರಡು ಸಲ ಇಲ್ಲ ಅನ್ನಿಸಿಕೊಂಡವಳಿಗೆ ತನ್ನ ಮೇಲೇ ಅನುಮಾನ ಬಂದುಬಿಟ್ಟಿತ್ತು.

ಅರ್ಜಿಗೆ ಮಾರನೇ ದಿನವೇ ಕೊನೆ. "ನಡಿ, ನಾನೂ ಬರ್ತೀನಿ" ಎಂದು ಹೊರಟೆ. (ಪೇಪರಿಗೆ ಬರೆಯುವವಳು ಜೊತೆಗಿದ್ದರೆ ಜನ ಹೆದರುತ್ತಾರೆ ಅಂತ ನನಗೊಂದು ಭ್ರಮೆ. ಇದುವರೆಗೆ ಯಾರೂ ಹೆದರಿಲ್ಲ.) ಬಸ್ಸಿನಲ್ಲಿ ದಾರಿಯುದ್ದಕ್ಕೂ ಜಗಳದ ರಿಹರ್ಸಲ್ ಮಾಡಿಕೊಂಡೆ.

ಸ್ಕೂಲಿನ ಆಫೀಸಿನಲ್ಲಿದ್ದವರು ತಿಪ್ಪೇಸ್ವಾಮಿ ಎಂಬ ಗುಮಾಸ್ತರು. ಐವತ್ತು ದಾಟಿದ ವಯಸ್ಸು, ನಗುಮುಖ. "ಕೂತ್ಕಳಿ ಮೇಡಮ್, ಬಿಸ್ಲಲ್ಲಿ ಬಂದಿದೀರ" ಎಂದು ನೀರು ಕೊಟ್ಟರು. ಛೇ, ಜಗಳಕ್ಕೆ ಹೋದಾಗ ಇಂಥವರು ಸಿಗಬಾರದು ನೋಡಿ!

ಹಳೇ ರಿಜಿಸ್ಟರುಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದ್ದಾರೆ. ತಿಪ್ಪೇಸ್ವಾಮಿ ಮಾನಿಟರನ್ನು ನಮ್ಮ ಕಡೆಗೂ ಕಾಣುವಂತೆ ತಿರುಗಿಸಿ, ಹೆಸರು ಟೈಪ್ ಮಾಡಿ, ಸರ್ಚ್ ಒತ್ತಿದರು. ಸ್ಕ್ರೀನಿನಲ್ಲಿ ಎರಡು ಭಾಗ. ಮೇಲೆ ಸಿಕ್ಕ ಹೆಸರುಗಳು. ಕೆಳಗೆ, ಆಯ್ದ ಹೆಸರಿನ ರಿಜಿಸ್ಟರ್ ಪುಟ. ಮೇಲೆ ಒಂದೇ ಒಂದು ಸಾಲು ಬಂತು. ಯಾರೋ ಬೇರೆ ರತ್ನಮ್ಮ, ಬೇರೆ ತಂದೆ.

"ಲೇದಮ್ಮಾ. ನಾನೇನ್ ಮಾಡ್ಲಿ ತಾಯಿ, ಇದ್ರಲ್ಲಿ ಇಲ್ಲ ಕಣಮ್ಮ" ಎಂದರು. ನಿಜವಾಗಿಯೂ ಬೇಜಾರಾಗಿತ್ತು ಅವರಿಗೆ.

ರತ್ನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ರಿಹರ್ಸಲ್ ಮಾಡಿದ್ದ ಮೊದಲ ಡೈಲಾಗಿಗೆ ಬಾಯಿ ತೆರೆದೆ. ಅಷ್ಟರಲ್ಲಿ ಸ್ಕ್ರೀನಿನ ಮೂಲೆಯಲ್ಲಿ ಪುಟಾಣಿ ಅಂಕಿಯೊಂದು ಕಂಡಿತು. ಹದಿನಾಲ್ಕು.

"ಸ್ವಾಮಿ, ಹದಿನಾಲ್ಕು ಸಿಕ್ಕಿದೆ ಅಂತಿದೆಯಲ್ಲ? ಕಾಣೋದು ಒಂದೇ ಯಾಕೆ?"

"ಅದಾ? ಅದೇನೋ ಸೀರಿಯಲ್ ನಂಬರ್ ಅನ್ಕಂಡಿದ್ದೆ."

"ಆ ಎರಡು ಭಾಗದ ಮಧ್ಯೆ ಗೆರೆ ಇದೆಯಲ್ಲ, ಅದನ್ನ ಮೌಸಲ್ಲಿ ಹಿಡಿದು ಕೆಳಗೆ ಎಳೀರಿ."

ಎಳೆದರು. ಅಯ್ಯೋ ದೇವರೇ! ಸಾಲಾಗಿ ಇಳಿದವು ಹೆಸರುಗಳು. ರತ್ನಮ್ಮ, ರತ್ನಮ್ಮ, ರತ್ನಮ್ಮ. ಕೆಳಗಿನ ಭಾಗ ಮೇಲಕ್ಕೇರಿ ಕೂತಿದ್ದರಿಂದ ಇಷ್ಟೂ ಜನ ಅದರ ಅಡಿಯಲ್ಲಿ ಮುಚ್ಚಿಹೋಗಿದ್ದರು.

ನಮ್ಮ ರತ್ನಮ್ಮ ಎದ್ದು ಸ್ಕ್ರೀನಿನ ಹತ್ತಿರ ಹೋದಳು. ತೆಲುಗು ಅಕ್ಷರಗಳ ಮೇಲೆ ಬೆರಳಿಟ್ಟು, ಒಂದೊಂದೇ ತಂದೆಯ ಹೆಸರನ್ನು ಗಟ್ಟಿಯಾಗಿ ಓದುತ್ತಾ ಇಳಿದಳು. ಒಂಬತ್ತನೆಯದರಲ್ಲಿ ಬೆರಳು ನಿಂತಿತು.

"ಹನುಮಂತಪ್ಪ. ನಮ್ಮಪ್ಪ ಕಣಕ್ಕಾ! ಇದು ನಾನೇ!"

ನನ್ನ ಕಣ್ಣಲ್ಲೂ ನೀರು ಬಂತು, ಮುಚ್ಚಿಡುವುದೇನು? ಹಾಗೆ ತಡವರಿಸದೆ ಓದಿದಳಲ್ಲ, ಅದಕ್ಕಿಂತ ದೊಡ್ಡ ಸ್ಟಡಿ ಸರ್ಟಿಫಿಕೇಟ್ ಬೇಕಾ? (ಬೇಕು. ಸೀಲು, ಸೈನು ಸಮೇತ ಬೇಕು.)

ಗೆರೆ ಮೇಲೆ ಹೋದದ್ದಾದರೂ ಹೇಗೆ? ತಿಪ್ಪೇಸ್ವಾಮಿ ತಲೆ ತಗ್ಗಿಸಿ ಹೇಳಿದರು. "ಒಬ್ಬ ತಾತ ಬಂದಿದ್ದ ಮೇಡಮ್. ನನ್ ಹೆಸ್ರು ನಂಗೂ ತೋರ್ಸಪ್ಪ, ಚಿಕ್ಕದಾಗಿ ಕಾಣಾಕಿಲ್ಲ ಅಂದ. ಪಾಪ ಅಂತ ಗೆರೆ ಮೇಲಕ್ಕೆಳ್ದು ಆ ಪುಟಾನ ದೊಡ್ದು ಮಾಡ್ಬುಟ್ಟೆ. ಆಮೇಲೆ ಬಂದೋರ್ಗೂ ಅನುಕೂಲ ಅಂತ ಹಂಗೇ ಬುಟ್ಟೆ."

ಈಗ ಹೇಳಿ, ಯಾರ ಜೊತೆ ಜಗಳ ಮಾಡಲಿ? ಅಪರೂಪದ ಹೆಸರಿನವರಿಗೆ ಮೊದಲ ಸಾಲೇ ಸಾಕಾಯಿತು. ಪೆಟ್ಟು ತಿಂದವರು ರತ್ನಮ್ಮ, ಲಕ್ಷ್ಮಮ್ಮ, ನಾಗರಾಜು. ನಮ್ಮ ಕಡೆ ಇವೇ ಹೆಸರುಗಳನ್ನು ಮನೆಗೊಬ್ಬರಿಗೆ ಇಡುತ್ತೇವಲ್ಲ! ಅದೇ ಸ್ಕೂಲಿನಲ್ಲಿ ಓದಿದ ತಿಪ್ಪೇಸ್ವಾಮಿ ತಮ್ಮ ಹೆಸರನ್ನೂ ಹುಡುಕಿ ನೋಡಿದರು. ಹತ್ತೊಂಬತ್ತು ಜನ. ಇವರು ಹದಿನೇಳನೆಯವರು. ಅವರ ಮುಖ ಸಪ್ಪಗಾಯಿತು.

ನಾನಾದರೂ ಏನು ಕಮ್ಮಿ? ಮೊಬೈಲಿನಲ್ಲಿ ಏನು ಹುಡುಕಿದರೂ ಮೊದಲೆರಡು ಉತ್ತರ ದಾಟಿ ಕೆಳಗಿಳಿದವಳಲ್ಲ. ಮೇಲೆ ಕಂಡಷ್ಟೇ ಲೋಕ.

ಸರ್ಟಿಫಿಕೇಟಿಗೆ ಹೆಡ್‌ಮಾಸ್ಟರ ಸಹಿ ಹಾಕಿಸಿ ತಂದುಕೊಟ್ಟ ತಿಪ್ಪೇಸ್ವಾಮಿ ಗೋಡೆಯ ಕ್ಯಾಲೆಂಡರ್ ಇಳಿಸಿದರು. ಹೆಸರು ಇಲ್ಲ ಅನ್ನಿಸಿಕೊಂಡವರ ಫೋನ್ ನಂಬರುಗಳನ್ನು, ಮುಂದೆ ಸಿಕ್ಕರೆ ತಿಳಿಸೋಣ ಎಂದು, ಅದರ ಹಿಂದೆ ಬರೆದಿಟ್ಟಿದ್ದರು. ನಾವು ಹೊರಡುವ ಮೊದಲೇ ಡಯಲ್ ಮಾಡಿದರು.

"ಲಕ್ಷ್ಮಮ್ಮನೋರಾ? ಇಸ್ಕೂಲ್ನಿಂದ ಕಣಮ್ಮ. ಇನ್ನೊಂದ್ಸಲ ಬನ್ನಿ. ತಪ್ಪು ನಂದೇ, ನಾನು ಸರ್ಯಾಗಿ ನೋಡಿರ್ಲಿಲ್ಲ."

ಕೌಂಟರಿನ ಆಚೆ ಕೂತವರ ಬಾಯಲ್ಲಿ ಈ ಮಾತನ್ನು ನೀವು ಕೊನೆಯ ಸಲ ಕೇಳಿದ್ದು ಯಾವಾಗ?

ಸಂಜೆ ಹಿಂದೂಪುರದಲ್ಲಿ ಬಸ್ಸಿಳಿದಾಗ ಗಂಗಾಧರ ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದ. ಬೆಳಗಿನ ನಗು ಇರಲಿಲ್ಲ. "ಸಿಕ್ತೇನೇ?" ಎಂದು ಮೆಲ್ಲಗೆ ಕೇಳಿದ.

ರತ್ನಮ್ಮ ಸರ್ಟಿಫಿಕೇಟ್ ಅವನ ಕೈಗಿಟ್ಟಳು.

"ಸಿಗಾಕೆ ನಾನೆಲ್ಲಿ ಕಳ್ದೋಗಿದ್ದೆ?"