ದೊಡ್ಡಮ್ಮ ಎಡಚಿಯಾದದ್ದು

ನಮ್ಮ ದೊಡ್ಡಮ್ಮ ಹೊಲಿಗೆ ಟೀಚರ್. ಪಟ್ಟು ಹಿಡಿದರೆ ಉಡ. ತರಬೇತಿ ಕೇಂದ್ರದಲ್ಲಿ ಕಲಿಯುವವರು ಕಡಿಮೆಯಾಗಿ, ಮೇಲ್ವಿಚಾರಕರು ಹೊಲಿಗೆ ತರಗತಿ ಮುಚ್ಚುವ ಮಾತೆತ್ತಿದಾಗ ಇವಳು ಸುಮ್ಮನಿರಲಿಲ್ಲ. ಬೇರೆ ಊರಿನ ಮೂವರು ಹುಡುಗಿಯರಿಗೆ ವಿಡಿಯೋದಲ್ಲೇ ಗಂಡಸರ ಶರ್ಟ್ ಹೊಲಿಯಲು ಕಲಿಸುತ್ತೇನೆ, ಆಗದಿದ್ದರೆ ಮುಚ್ಚಿ ಅಂದಳು. ಅವರು ಒಪ್ಪಿದರು. ಆಗುವ ಹೋಗುವ ಮಾತಲ್ಲ ಎಂಬ ಧೈರ್ಯ ಅವರಿಗೆ.

ಇವಳ ಕೈ ಹುಡುಗಿಯರು ನೋಡಬೇಕು, ಅವರ ಕೈ ಇವಳು ನೋಡಬೇಕು. ಅದಕ್ಕೆ ಎಲ್ಲರಿಗೂ ವೆಬ್‌ಕ್ಯಾಮ್ ಬೇಕು, ಅದು ಕಂಡದ್ದನ್ನು ಹಿಡಿದಿಡುವ ಸಾಫ್ಟ್‌ವೇರೂ ಬೇಕು, ಅದೂ ಪುಕ್ಕಟೆಯಾಗಿ. ಕಂಪ್ಯೂಟರ್ ರಿಪೇರಿ ಮಾಡುವವನೆಂದು ನನಗೆ ಕರೆ ಬಂತು. ಒಬ್ಬಳದು ವಿಂಡೋಸ್, ಒಬ್ಬಳದು ಮ್ಯಾಕ್, ಇನ್ನೊಬ್ಬಳದು ಲಿನಕ್ಸ್. ಮೊದಲನೆಯದಕ್ಕೆ ಅದರಲ್ಲೇ ಇರುವ ಕ್ಯಾಮೆರಾ, ಎರಡನೆಯದಕ್ಕೆ ಕ್ವಿಕ್‌ಟೈಮ್, ಮೂರನೆಯದಕ್ಕೆ ಚೀಸ್ ಎಂಬ ಸಾಫ್ಟ್‌ವೇರ್ ಎಂದು ಡಾಕ್ಟರು ಮಾತ್ರೆ ಬರೆದ ಹಾಗೆ ಹೇಳಿದೆ.

"ಫೋನಲ್ಲಿ ನಾನು ಆ ಮೂಲೆ ಬಟನ್ ಒತ್ತು ಅಂದ್ರೆ ಮೂರು ಮನೇಲೂ ಅದು ಆ ಮೂಲೇಲೇ ಇರ್ಬೇಕು ಕಣೋ" ಅಂದಳು ದೊಡ್ಡಮ್ಮ.

ನ್ಯಾಯವೇ. ಬಿಟ್ಟಿ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಎಂಬಂತೆ ಸಿಕ್ಕಿದ್ದೆಲ್ಲ ಇಳಿಸಿಕೊಂಡೆ. ಒಂದು ಪಾಠದ ನಡುವೆಯೇ ನಿಂತುಹೋಯಿತು. ಇನ್ನೊಂದು ಚಿತ್ರದಲ್ಲಿನ ಬಟ್ಟೆಯ ಮೇಲೆಲ್ಲ ತನ್ನ ಹೆಸರು ಬರೆದುಕೊಂಡಿತು. ಕೊನೆಗೆ ಒಬಿಎಸ್ ಎಂಬ ಪುಕ್ಕಟೆ ಸಾಫ್ಟ್‌ವೇರಿಗೆ ಬಂದೆವು. ಮೂರರಲ್ಲೂ ಓಡುತ್ತದೆ, ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಮುಖ. ಅಷ್ಟೊಂದು ಬಟನ್ ಕಂಡು ನನಗೇ ತಲೆ ಸುತ್ತಿತು. ಬೇಕಾದದ್ದು ಎರಡು, ಮಿಕ್ಕವು ಅವುಗಳ ಪಾಡಿಗಿರಲಿ ಎಂದಳು ಇವಳು.

ಒಂದು ವಿಷಯಕ್ಕೆ ಮಾತ್ರ ಹಟ ಮಾಡಿದಳು. ಜೀವಮಾನವೆಲ್ಲ ನಿಲುವುಗನ್ನಡಿಯ ಮುಂದೆ ಬಟ್ಟೆ ಸರಿಮಾಡಿದವಳು. ಪರದೆಯಲ್ಲಿ ತನ್ನ ಕೈ ಕನ್ನಡಿಯಲ್ಲಿದ್ದಂತೆ ಕಾಣದಿದ್ದರೆ ಗಾಬರಿಯಾಗುತ್ತಿತ್ತು. ಚಿತ್ರವನ್ನು ಎಡಬಲ ಮಗುಚಿಸಿಕೊಂಡು ಇಡೀ ಪಾಠ ಹಾಗೇ ಹಿಡಿದಳು.

ಶರ್ಟುಗಳು ಬಂದವು. ಎಡಗಡೆ ಇರಬೇಕಾದ ಜೇಬು ಮೂರಕ್ಕೂ ಬಲಗಡೆ, ಗುಂಡಿ ತೂರಿಸುವ ಕಾಜಾನೂ ಬಲಗಡೆ. ವಿಡಿಯೋದಲ್ಲೇ ಏನೋ ಆಗಿದೆ ಎಂದು ಇವಳು ಅಂದರೆ, ಕುಣಿಯಲಾರದವಳಿಗೆ ನೆಲ ಡೊಂಕು ಅಂದರು ಮೇಲ್ವಿಚಾರಕರು. ಇನ್ನೊಂದು ಅವಕಾಶ ಪಡೆಯುವಷ್ಟರಲ್ಲಿ ಸಾಕುಸಾಕಾಯಿತು. ಮನೆಗೆ ಬಂದು ತನ್ನ ಪಾಠವನ್ನು ತಾನೇ ಹಾಕಿಕೊಂಡು ಕೂತಳು. ನನಗೂ ಪಕ್ಕದಲ್ಲೇ ಕೂರುವ ಶಿಕ್ಷೆ.

"ಇದೇನೋ, ಎಡಗೈಲಿ ಕತ್ತರಿ ಹಿಡಿದಿದ್ದೀನಿ?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ನಗಲಿಲ್ಲ, ಕಣ್ಣು ತುಂಬಿಕೊಂಡಿದ್ದವು.

"ಒಬ್ಬಳೂ ತಪ್ಪು ಮಾಡಿಲ್ಲ ಕಣೋ. ನಾನು ತೋರಿಸಿದ್ದನ್ನ ತೋರಿಸಿದ ಹಾಗೇ ಹೊಲಿದಿದ್ದಾರೆ. ಕಲಿತುಬಿಟ್ಟಿದ್ದಾರೆ."

ಚಿತ್ರವನ್ನು ನೆಟ್ಟಗೆ ಮಾಡಿ ಪಾಠ ಮತ್ತೆ ಹಿಡಿದೆವು. ಈ ಸಲ ಅವಳು ಪರದೆ ನೋಡಲೇ ಇಲ್ಲ, ಬಟ್ಟೆ ನೋಡಿದಳು. ಹೊಸ ಶರ್ಟುಗಳು ಬಂದ ದಿನ ಹಳೆಯವನ್ನೂ ಜೊತೆಗೊಯ್ದು ಮೇಲ್ವಿಚಾರಕರ ಮೇಜಿನ ಮೇಲೆ ಅಕ್ಕಪಕ್ಕ ಹರಡಿದಳು. ಹಳೆಯ ಜೋಡಣೆಗೂ ಹೊಸದಕ್ಕೂ ದಿಕ್ಕು ಬಿಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನನಗೆ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಬರುವುದೊಂದು ಬಾಕಿ.

ಅವರು ಕಾಲರ್ ತಿರುಗಿಸಿದರು, ಕಾಜಾ ಎಳೆದು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಮರಗೆಲಸದ ಮೇಷ್ಟ್ರಿಗೂ ಈ ವಿಡಿಯೋ ವಿದ್ಯೆ ಸ್ವಲ್ಪ ಹೇಳಿಕೊಡಬಹುದಾ ಎಂದು ಕೇಳಿದರು.

"ಅದಕ್ಕೇನು ಸಾರ್, ನಾಳೆಯಿಂದ ನನ್ನ ತರಗತಿಗೆ ಬಂದು ಕೂತ್ಕೊಳ್ಳೋಕೆ ಹೇಳಿ. ಮುಂದಿನ ವರ್ಷನೂ ನಡೆಯುತ್ತೆ."