ಮೂಗು ನೋಡಿ ಗುರುತಿಸಿದ ಅಪ್ಪ

ಮದುವೆಯ ಆಲ್ಬಮ್ ಕೈಗೆ ಸಿಕ್ಕರೆ ನನಗೆ ಊಟವೂ ಬೇಡ. ಇವಳು ಹುಡುಗಿಯ ಸೋದರತ್ತೆ, ಇವನು ಗಂಡಿನ ದೊಡ್ಡಪ್ಪನ ಮಗ ಎಂದು ಬರೀ ಮೂಗು, ಗಲ್ಲ ನೋಡಿ ಹೇಳಿಬಿಡುತ್ತೇನೆ. ಹತ್ತರಲ್ಲಿ ಒಂಬತ್ತು ಸರಿಯಿರುತ್ತದೆ. ಹತ್ತನೆಯದನ್ನು ನಮ್ಮ ಯಜಮಾನರು ಇಪ್ಪತ್ತು ವರ್ಷವಾದರೂ ಮರೆಯುವುದಿಲ್ಲ.

ನಿವೃತ್ತಳಾದ ಮೇಲೆ ಪ್ರತಿ ಬುಧವಾರ, ಅಮೆರಿಕದಲ್ಲಿ ನಾವಿರುವ ಸ್ಯಾನ್ ರಮೋನ್‌ನಲ್ಲಿ ಫ್ರೀವೇ ಹತ್ತಿ, ಒಂದು ಕಾಲೇಜಿನ ಲೈಬ್ರರಿಗೆ ಹೋಗಿ ಹಳೆಯ ಫೋಟೋಗಳನ್ನು ವಿಂಗಡಿಸುತ್ತೇನೆ. ಸಂಬಳವಿಲ್ಲ, ಊರವರ ಉಸಾಬರಿಗೆ ಸಂಬಳ ಯಾರು ಕೊಡುತ್ತಾರೆ? ಹೋದ ಚಳಿಗಾಲ ನನ್ನ ಪಾಲಿಗೆ ಬಂದದ್ದು ನೂರು ವರ್ಷಕ್ಕೂ ಹಿಂದಿನ ಫುಟ್‌ಬಾಲ್ ತಂಡದ ಪೆಟ್ಟಿಗೆ. ಅಮೆರಿಕದ ಫುಟ್‌ಬಾಲು: ಚೆಂಡನ್ನು ಬಗಲಲ್ಲಿ ಅವಚಿಕೊಂಡು ಓಡುವವನ ಮೇಲೆ ಉಳಿದವರೆಲ್ಲ ಬೀಳುವ ಆಟ. ಆ ವರ್ಷದ ಕೊನೆಯ ಪಂದ್ಯ ಮುಗಿದ ಕೂಡಲೇ ತೆಗೆದ ಫೋಟೋದಲ್ಲಿ ಹುಡುಗರು ಮಳೆಯಲ್ಲಿ ನೆಂದು, ಕೆಸರು ಮೆತ್ತಿಕೊಂಡು, ಕಿವಿ ಮುಚ್ಚುವ ಚರ್ಮದ ಟೋಪಿಯಲ್ಲಿ ನಿಂತಿದ್ದರು. ಹಿಂಬದಿಯಲ್ಲಿ ಹೆಸರುಗಳಿದ್ದವು. ಯಾವ ಹೆಸರು ಯಾವ ಮುಖದ್ದೆಂದು ಬರೆದಿರಲಿಲ್ಲ.

ಅದನ್ನು ನೋಡಲು ತೊಂಬತ್ತು ದಾಟಿದ ಅಮೆರಿಕದ ಅಜ್ಜಿಯೊಬ್ಬರು ವಾಕರ್ ಹಿಡಿದು ಬಂದರು. ಅವರ ತಂದೆ ಆ ತಂಡದಲ್ಲಿದ್ದರಂತೆ. ಇವರು ಹುಟ್ಟಿ ತಿಂಗಳಾಗುವ ಮೊದಲೇ ತೀರಿಕೊಂಡರು. ಮನೆಗೆ ಬೆಂಕಿ ಬಿದ್ದು ಫೋಟೋಗಳೂ ಹೋದವು. ಉಳಿದದ್ದು, ಕೊನೆಯ ಪಂದ್ಯ ಗೆಲ್ಲಿಸಿದ್ದು ನಿಮ್ಮಪ್ಪನೇ ಎಂದು ತಾಯಿ ಹೇಳುತ್ತಿದ್ದ ಮಾತೊಂದೇ.

“ಇದರಲ್ಲಿ ನಮ್ಮಪ್ಪ ಯಾರು? ಸಾಯೋದ್ರೊಳಗೆ ಒಂದ್ಸಲ ಮುಖ ನೋಡ್ಬೇಕು,” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನನಗೆ ತಡೆಯಲಾಗಲಿಲ್ಲ. ಅಜ್ಜಿಯ ಗಿಳಿಮೂಗು ನೋಡಿದೆ, ಫೋಟೋ ನೋಡಿದೆ, ನಡುವೆ ಎದೆಯುಬ್ಬಿಸಿ ನಿಂತಿದ್ದ ಕೆಸರಿನ ಮುದ್ದೆಯೊಂದರ ಮೇಲೆ ಬೆರಳಿಟ್ಟೆ. “ಇವರೇ. ಡೌಟೇ ಬೇಡ.” ಅಜ್ಜಿ ಕಣ್ಣು ತುಂಬಿಕೊಂಡು ನನ್ನ ಕೈ ಹಿಡಿದರು. ಅವರು ಹೋದ ಮೇಲೆ ಲೈಬ್ರರಿಯ ಮೇಲ್ವಿಚಾರಕಿ, “ಪ್ರೂಫ್ ಏನು?” ಎಂದಳು. ನನ್ನ ವಿದ್ಯೆಯನ್ನೇ ಪ್ರಶ್ನಿಸಿದಳಲ್ಲ ಎಂದು ಮೈಯೆಲ್ಲ ಉರಿಯಿತು.

ಅವಳ ಬಾಯಿ ಮುಚ್ಚಿಸಲೆಂದೇ ಆ ವರ್ಷದ ಕಾಲೇಜು ಪತ್ರಿಕೆಯ ವರದಿಗಳನ್ನೆಲ್ಲ ಓದಿದೆ. ಪ್ರತಿ ಪಂದ್ಯದಲ್ಲೂ ಅಜ್ಜಿಯ ತಂದೆಯ ಹೆಸರು ಬದಲಿ ಆಟಗಾರರ ಸಾಲಿನಲ್ಲೇ ಇತ್ತು, ಆಡಿದವರ ಸಾಲಿನಲ್ಲಿ ಒಮ್ಮೆಯೂ ಇರಲಿಲ್ಲ. ಕೊನೆಯ ಪಂದ್ಯದಲ್ಲಂತೂ ಒಂದಲ್ಲ ಒಂದು ಹೊತ್ತು ಎಲ್ಲರೂ ಮೈದಾನಕ್ಕೆ ಇಳಿದಿದ್ದರು, ಅವರೊಬ್ಬರ ಹೊರತು. ಪೆಟ್ಟಿಗೆಯಿಂದ ಆ ಫೋಟೋವನ್ನು ಮತ್ತೆ ಹೊರತೆಗೆದೆ. ಎರಡನೇ ಸಾಲಿನಲ್ಲಿ ಒಬ್ಬನ ಸ್ವೆಟರಿಗೆ ಮಾತ್ರ ಒಂದು ಚುಕ್ಕೆ ಕೆಸರೂ ತಾಗಿರಲಿಲ್ಲ. ತಲೆಗೆ ಟೋಪಿಯೂ ಇರಲಿಲ್ಲ. ನಾವೆಲ್ಲ ಅವನನ್ನು ತಂಡದ ಸಾಮಾನು ನೋಡಿಕೊಳ್ಳುವ ಮ್ಯಾನೇಜರ್ ಅಂದುಕೊಂಡಿದ್ದೆವು.

ಮನೆಯಲ್ಲಿ ಹೇಳಿದರೆ ಯಜಮಾನರು ಕಾಫಿ ಲೋಟ ಕೆಳಗಿಟ್ಟು ನಕ್ಕರು. “ಕಂಡೋರ ಅಪ್ಪನ್ನೇ ಬದಲಾಯಿಸಿಬಿಟ್ಯಲ್ಲೇ!”

“ನಗ್ಬೇಡಿ ರೀ. ಅವರಿಗೆ ಹೇಗೆ ಹೇಳ್ಲಿ?”

ಹೇಳದೆ ಇದ್ದುಬಿಡಬಹುದಿತ್ತು. ಅಜ್ಜಿಗೆ ಗೆದ್ದ ಅಪ್ಪ ಉಳಿಯುತ್ತಿದ್ದ, ನನಗೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಅವರು ಕೇಳಿದ್ದು ಮುಖ. ನಾನು ಯಾರದೋ ಮುಖ ಕೊಟ್ಟು ಕಳಿಸಿದ್ದೆ. ಎರಡು ದಿನ ಅನ್ನ ರುಚಿಸಲಿಲ್ಲ.

ಮುಂದಿನ ಬುಧವಾರ ಅವರನ್ನು ಕರೆಸಿ ತಪ್ಪೊಪ್ಪಿಕೊಂಡೆ. ನಿಮ್ಮ ತಂದೆ ಆ ವರ್ಷ ಒಂದು ಪಂದ್ಯವನ್ನೂ ಆಡಲಿಲ್ಲ ಎಂದೂ ಹೇಳಿ, ಆ ಬರಿದಲೆಯ ಹುಡುಗನನ್ನು ತೋರಿಸಿದೆ. ಅಜ್ಜಿ ಬಗ್ಗಿ ನೋಡಿ, ತಾವಾಗಿಯೇ ಬಿಳಿಗೂದಲು ಸರಿಸಿ ತಮ್ಮ ಕಿವಿ ಮುಟ್ಟಿಕೊಂಡರು. ಇಬ್ಬರ ಕಿವಿಯ ತುದಿಯೂ ಒಂದೇ ರೀತಿ ಮುಂದಕ್ಕೆ ಮಡಚಿಕೊಂಡಿತ್ತು. ಜನ್ಮದಲ್ಲಿ ಮೊದಲ ಸಲ ನಾನು ಬಾಯಿ ಬಿಡಲಿಲ್ಲ.

“ಅಮ್ಮ ಎಂಥ ಸುಳ್ಳುಗಾತಿ!” ಎಂದು ಅಜ್ಜಿ ನಕ್ಕರು. ಆಮೇಲೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಫೋಟೋದಲ್ಲಿ ಅವರಪ್ಪನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

“ಪಾಪ, ಮಗು ನೆಂದು ತೊಪ್ಪೆಯಾಗಿದೆ,” ಎಂದರು. “ಯಾರಾದ್ರೂ ಒಂದು ಕೋಟು ಕೊಡಬಾರದಿತ್ತಾ?”